ಮೊದಲ ಹಳೇ ಕಾರಿಗೆ ಪದ್ಮಿನಿ: ಮುಂಬೈದೋ, ಮೈಸೂರಿದ್ದೋ?

ತುಮಕೂರು_ತಿರುಗಾಟ

ಹಳೇ ಕಾರಿನ ವಿಷಯದಲ್ಲಿ ನಾನು ಪೂರ್ತಿ ಹೊಸಬ. ಈಗ ಓಡಿಸ್ತಿರೋದು ಸ್ವಿಫ್ಟ್. ಬಾನೆಟ್ ಎತ್ತಿ ವೈಪರ್ ನೀರು ತುಂಬೋದಷ್ಟೇ ನನ್ನ ಮೆಕ್ಯಾನಿಕ್ ವಿದ್ಯೆ. ಭಾನುವಾರ ಬೆಳಿಗ್ಗೆ ಮೂವತ್ತು ನಲವತ್ತು ಕಿಲೋಮೀಟರ್ ಸುತ್ತಿ ಬರೋಕೆ, ಕೈ ಸ್ವಲ್ಪ ಕೊಳೆ ಮಾಡ್ಕೊಂಡು ಕಲಿಯೋಕೆ ಒಂದು ಪದ್ಮಿನಿ ಬೇಕು. ಮನೆ ಕೆಳಗೆ ಮುಚ್ಚಿದ ಪಾರ್ಕಿಂಗ್ ಇದೆ. ಎರಡು ಗಾಡಿ ಕಣ್ಣಿಗೆ ಬಿದ್ದಿವೆ.

ಒಂದು, 1972ರ ಫಿಯಟ್ 1100ಡಿ (ಪದ್ಮಿನಿಯದೇ ಹಳೇ ಹೆಸರು), ಮುಂಬೈ ನೋಂದಣಿ. ಹೊಸ ಪೇಂಟ್, ಹೊಸ ಸೀಟ್, ಫೋಟೋದಲ್ಲಿ ಮದುಮಗಳ ಹಾಗಿದೆ. 3.40 ಲಕ್ಷ ಕೇಳ್ತಿದಾರೆ. "ವಿಂಟೇಜ್ ನಂಬರ್ ಮಾಡಿಸ್ಕೊಳ್ಳಿ, ಆಮೇಲೆ ಯಾರೂ ಏನೂ ಕೇಳಲ್ಲ" ಅಂತಾರೆ ಮಾರೋರು.

ಇನ್ನೊಂದು, 1986ರ ಪ್ರೀಮಿಯರ್ ಪದ್ಮಿನಿ, ಮೈಸೂರಲ್ಲಿದೆ, ಎರಡನೇ ಮಾಲೀಕರ ಹತ್ರ. ಬಣ್ಣ ಮಾಸಿದೆ. ನಾಲ್ಕು ವರ್ಷದಿಂದ ಶೆಡ್ಡಲ್ಲಿ ನಿಂತಿದೆ, ಸ್ಟಾರ್ಟ್ ಆಗಲ್ಲ. ಆರ್‌ಸಿ 2021ರಲ್ಲೇ ಮುಗಿದಿದೆ. 1.15 ಲಕ್ಷ ಹೇಳಿದಾರೆ.

ಪೇಂಟಿಂದು, ಸೀಟಿಂದು ಲೆಕ್ಕ ಹಾಕಿದ್ರೆ ಮೊದಲನೇದೇ ಲಾಭ ಅನ್ಸುತ್ತೆ. ಸರಿನಾ? ಕಾರು ನೋಡೋಕೆ ಹೋದಾಗ ಏನು ನೋಡ್ಬೇಕು ಅಂತಾನೂ ಹೇಳಿ.

ಬಿ_ಎಕ್ಸ್‌ಟ್ರಾಕ್ಟ್

ಸಾರ್, ಕಾರು ನೋಡೋಕೆ ಹೊರಡೋ ಮುಂಚೆ ಎರಡೂ ಗಾಡಿಗಳ ಆರ್‌ಸಿ ಫೋಟೋ ತರಿಸ್ಕೊಳ್ಳಿ. ಅರ್ಧ ತೀರ್ಮಾನ ಅಲ್ಲೇ ಆಗುತ್ತೆ.

ವಿಂಟೇಜ್ ನಂಬರಿನ ಮಾತು ಅರ್ಧ ಸತ್ಯ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 81ಎ ಇಂದ 81ಜಿ ವರೆಗೆ ಸೇರಿಸಿದ್ರು. ಮೊದಲ ನೋಂದಣಿ ಆಗಿ 50 ವರ್ಷ ದಾಟಿರಬೇಕು. ಚಾಸಿಸ್, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು, ದೊಡ್ಡ ಬದಲಾವಣೆ ಆಗಿರಬಾರದು. ನಂಬರಿನಲ್ಲಿ ರಾಜ್ಯದ ಅಕ್ಷರ ಆದ ಮೇಲೆ 'ವಿಎ' ಅಂತ ಬರುತ್ತೆ. ಹೊಸದಾಗಿ ಮಾಡಿಸೋಕೆ 20,000 ರೂಪಾಯಿ, ಹತ್ತು ವರ್ಷಕ್ಕೆ ಚಾಲ್ತಿ, ಆಮೇಲೆ ಮತ್ತೆ ಮಾಡಿಸೋಕೆ 5,000. ವಯಸ್ಸಿನ ಲೆಕ್ಕದಲ್ಲಿ 1972ರ ಗಾಡಿಗೆ ಅದು ಸಿಗಬಹುದು. ಮಾರೋರು ಹೇಳದೇ ಇರೋ ಭಾಗ ಏನಂದ್ರೆ, ವಿಎ ನಂಬರಿನ ಗಾಡೀನ ದಿನಬಳಕೆಗೆ ರಸ್ತೆಗೆ ಇಳಿಸೋ ಹಾಗಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಪೆಟ್ರೋಲ್ ಹಾಕಿಸೋದು, ರಿಪೇರಿ, ಇಷ್ಟಕ್ಕೇ. ನಿಮ್ಮ ಭಾನುವಾರದ ತಿಂಡಿ ಸವಾರಿ ಈ ಪಟ್ಟಿಯಲ್ಲಿ ಇಲ್ಲ. ನಿಮ್ಮ ಉಪಯೋಗಕ್ಕೆ ಮಾಮೂಲಿ ಆರ್‌ಸಿ ನವೀಕರಣವೇ ಸರಿ.

ಮುಂಬೈ ಗಾಡಿಗೆ ಅಲ್ಲಿನ ಆರ್‌ಟಿಓದಿಂದ ಫಾರಂ 28ರಲ್ಲಿ ಎನ್‌ಓಸಿ (ನಿರಾಕ್ಷೇಪಣಾ ಪತ್ರ) ಬೇಕು. ಇಲ್ಲಿ ಬಂದು ಮತ್ತೆ ನೋಂದಣಿ, ಕರ್ನಾಟಕದ ಜೀವಾವಧಿ ತೆರಿಗೆ. ಎನ್‌ಓಸಿ ಕೈಗೆ ಬರೋವರೆಗೂ ಪೂರ್ತಿ ದುಡ್ಡು ಕೊಡಬೇಡಿ.

ಮೈಸೂರು ಗಾಡಿ 1986ರದ್ದಾದ್ರೆ ಕೆಎ ನಂಬರ್ ಬರೋದಕ್ಕೂ ಮುಂಚಿನ ಮೂರಕ್ಷರದ ನಂಬರ್ ಇರಬೇಕು. ಹಾಗಿದ್ರೆ ನೋಂದಣಿ ಆದ ಆರ್‌ಟಿಓದಲ್ಲಿ ಬಿ ಎಕ್ಸ್‌ಟ್ರಾಕ್ಟ್ (ಅಲ್ಲಿನ ನೋಂದಣಿ ದಾಖಲೆಯ ಅಧಿಕೃತ ಪ್ರತಿ) ತೆಗೆಸಿ. ಇಂಥ ಹಳೇ ದಾಖಲೆ ಎಷ್ಟೋ ಸಲ ಆರ್‌ಟಿಓಗಳ 'ವಾಹನ್' ತಂತ್ರಾಂಶಕ್ಕೆ ಏರಿರೋದೇ ಇಲ್ಲ. ಬ್ಯಾಕ್‌ಲಾಗ್ ಎಂಟ್ರಿ (ಹಳೇ ದಾಖಲೆ ಅದಕ್ಕೆ ಏರಿಸೋದು) ಮಾಡಿಸದೆ ಆನ್‌ಲೈನಲ್ಲಿ ಏನೂ ಮುಂದಕ್ಕೆ ಹೋಗಲ್ಲ. ಎಕ್ಸ್‌ಟ್ರಾಕ್ಟ್‌ನಲ್ಲಿರೋ ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡನ್ನೂ ಗಾಡಿ ಮೇಲಿನದಕ್ಕೆ ಒಂದೊಂದು ಅಂಕಿ ಇಟ್ಟು ಹೋಲಿಸಿ. ಎಂಜಿನ್ ಬದಲಾಗಿ ಆರ್‌ಸಿಯಲ್ಲಿ ಬರೆಸದೇ ಇರೋ ಪದ್ಮಿನಿಗಳು ಬೇಕಾದಷ್ಟಿವೆ. ಇನ್ಸ್‌ಪೆಕ್ಟರ್ ಅಚ್ಚು ತೆಗೆದಾಗಲೇ ಸಿಕ್ಕಿಬೀಳೋದು.

ಇನ್ನೊಂದು ತಲೆನೋವು ಹೈಪಾಥಿಕೇಶನ್, ಅಂದ್ರೆ ಸಾಲಕ್ಕೆ ಗಾಡಿ ಅಡವಿದೆ ಅನ್ನೋ ನಮೂದು. ಎಂಬತ್ತರ ದಶಕದ ಸಾಲ ಯಾವತ್ತೋ ತೀರಿರುತ್ತೆ, ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುತ್ತೆ. ಅದನ್ನ ತೆಗೆಸೋಕೆ ಫಾರಂ 35, ಜೊತೆಗೆ ಬ್ಯಾಂಕಿನ ಪತ್ರ. ಆ ಬ್ಯಾಂಕೇ ಇವತ್ತು ಇಲ್ದೇ ಇರಬಹುದು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ ಸೇರ್ತು, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, ಸಿಂಡಿಕೇಟ್ 2020ರಲ್ಲಿ ಕೆನರಾಗೆ. ಪತ್ರ ಕೇಳಬೇಕಾದ್ದು ಈಗಿನ ಬ್ಯಾಂಕಿನ ಹತ್ರ. ಈ ಓಡಾಟ ಮಾರೋರೇ ಮಾಡ್ಲಿ.

ಮುಗಿದ ಆರ್‌ಸಿ ನವೀಕರಣಕ್ಕೆ ಫಾರಂ 25. ಐದೈದು ವರ್ಷಕ್ಕೆ ಕೊಡ್ತಾರೆ. ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿತ್ತು. 2025ರ ಆಗಸ್ಟ್‌ನ ತಿದ್ದುಪಡಿಯಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದ್ರು. ಹಸಿರು ತೆರಿಗೆ ಬೇರೆ. ತಡ ಆದ ಪ್ರತಿ ತಿಂಗಳಿಗೆ 500ರ ಲೆಕ್ಕದಲ್ಲಿ 48 ತಿಂಗಳಿಗೆ 24,000 ಆಗುತ್ತೆ. ಮೊತ್ತ ಕೌಂಟರಿನಲ್ಲಿ ಬರೆಸ್ಕೊಂಡೇ ಚೌಕಾಸಿಗೆ ಕೂತ್ಕೊಳ್ಳಿ. ನವೀಕರಣ ಈಗಿನ ಮಾಲೀಕರ ಹೆಸರಲ್ಲೇ ಆಗಲಿ. ಆಮೇಲೆ ಫಾರಂ 29 ಎರಡು ಪ್ರತಿ, ಫಾರಂ 30 ಸಹಿ ಮಾಡಿಸಿ ಹೆಸರು ಬದಲಾಯಿಸಿ. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕು.

ಕಡಲತಡಿ

ಪೇಂಟ್ ನೋಡಿ ಕಾರು ತಗೊಳ್ಳಲಿಕ್ಕೆ ಹೋಗಬೇಡಿ ಮಾರಾಯ್ರೆ. ಪದ್ಮಿನಿಯಲ್ಲಿ ಎಂಜಿನ್ ಕೆಲಸವೇ ಸಸ್ತಾ. ದುಡ್ಡು ತಿನ್ನುವುದು ತಗಡು. ಇದಕ್ಕೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಫ್ಲೋರ್ ಮತ್ತು ಬಾಗಿಲಿನ ಕೆಳಗಿನ ಪಟ್ಟಿ ತುಕ್ಕು ತಿಂದರೆ ಕಾರು ನಡುವಿನಲ್ಲಿ ಕುಸಿಯಲಿಕ್ಕೆ ಶುರುವಾಗ್ತದೆ. ಹೇಗೆ ಗೊತ್ತಾಗುದು ಕೇಳಿದರೆ, ಹಿಂದಿನ ಬಾಗಿಲು ತೆರೆದು, ಕೈಬಿಟ್ಟು ಮೆಲ್ಲ ಮುಚ್ಚಿ ನೋಡಿ. ಬಾಗಿಲನ್ನು ಎತ್ತಿ ಕೂರಿಸಬೇಕಾದರೆ, ಅಥವಾ ಬಾಗಿಲ ಸಂದು ಮೇಲೆ ಒಂದು ಅಗಲ, ಕೆಳಗೆ ಒಂದು ಅಗಲ ಉಂಟಾದರೆ, ಅಲ್ಲಿಂದಲೇ ನಮಸ್ಕಾರ ಹೇಳಿ ಬನ್ನಿ.

ಕಿಸೆಯಲ್ಲಿ ಫ್ರಿಜ್ಜಿಗೆ ಅಂಟಿಸುವ ಚಪ್ಪಟೆ ಆಯಸ್ಕಾಂತ ಒಂದು ಇರಲಿ. ಪೇಂಟ್ ಗೀಚದ ಹಾಗೆ ಅದಕ್ಕೆ ತೆಳು ಬಟ್ಟೆ ಸುತ್ತಿ. ಮೊದಲು ಟಾಪಿಗೆ ಇಟ್ಟು ನೋಡಿ, ಅಲ್ಲಿ ಪುಟ್ಟಿ ಇರುವುದು ಕಡಿಮೆ. ಆ ಹಿಡಿತ ಕೈಗೆ ನೆನಪಿರಲಿ. ಮತ್ತೆ ಕೆಳಗೆ ಬನ್ನಿ: ನಾಲ್ಕೂ ಬಾಗಿಲಿನ ಕೆಳಗಿನ ಒಂದು ಗೇಣು, ಚಕ್ರದ ಮೇಲಿನ ಕಮಾನು, ಹೆಡ್‌ಲೈಟಿನ ಸುತ್ತ, ಮುಂದಿನ ಗಾಜಿನ ಬೀಡಿಂಗಿನ ಎರಡು ಕೆಳಮೂಲೆ. ಹಿಡಿತ ಸಡಿಲವಾದಲ್ಲಿ ಬೆರಳಿನ ಗೆಣ್ಣಿನಿಂದ ತಟ್ಟಿ. ತಗಡಾದರೆ ಟಣ್ ಅಂತದೆ, ಪುಟ್ಟಿಯಾದರೆ ಗೋಡೆ ತಟ್ಟಿದ ಹಾಗೆ ಡಬ್ ಡಬ್.

ಮತ್ತೆ ಒಳಗೆ. ಮ್ಯಾಟ್ ಎತ್ತಿ, ಅದರ ಅಡಿಯ ಡಾಂಬರು ಹಾಳೆಯನ್ನೂ ಒಂದು ಮೂಲೆಯಲ್ಲಿ ಎತ್ತಿ. ಡ್ರೈವರ್ ಕಾಲಿನ ಅಡಿ, ಬ್ಯಾಟರಿ ಟ್ರೇ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಹಿಂದಿನ ಲೀಫ್ ಸ್ಪ್ರಿಂಗ್ ಬಾಡಿಗೆ ಸಿಕ್ಕಿಸಿದ ಜಾಗ. ಈ ಕೊನೆಯದು ಎಲ್ಲಕ್ಕಿಂತ ಮುಖ್ಯ. ಸ್ಕ್ರೂಡ್ರೈವರಿನ ತುದಿ ಒತ್ತಿದಾಗ ತಗಡು ಬಿಸ್ಕೀಟಿನ ಹಾಗೆ ಪುಡಿಯಾದರೆ ಅದು ಮೇಲಿನ ತುಕ್ಕು ಅಲ್ಲ. ಫ್ಲೋರಿನಲ್ಲಿ ಅಂಗೈಯಷ್ಟು ತೂತು ಇದ್ದರೆ ಹೆದರಬೇಡಿ, 18 ಅಥವಾ 20 ಗೇಜ್ ಶೀಟ್ ಕತ್ತರಿಸಿ ಸಿಒಟು ವೆಲ್ಡಿಂಗ್ ಮಾಡಿಸಿದರೆ ಆಯ್ತು. ಗ್ಯಾಸ್ ವೆಲ್ಡಿಂಗ್ ಬೇಡ, ಬಿಸಿಗೆ ಸುತ್ತಲಿನ ತಗಡು ಸೊಟ್ಟ ಆಗ್ತದೆ. ವೆಲ್ಡಿಂಗ್ ಮೊದಲು ಪೆಟ್ರೋಲ್ ಟ್ಯಾಂಕ್ ಕಳಚಿ ಹೊರಗೆ ಇಡಲೇಬೇಕು, ಬ್ಯಾಟರಿ ವಯರ್ ಕೂಡ ತೆಗೀಬೇಕು.

ಮುಂಬೈ ಕಾರು ಅಂದಿರಲ್ಲ, ಹಳೆ ಕಾಳಿ ಪೀಲಿ (ಕಪ್ಪು ಹಳದಿ) ಟ್ಯಾಕ್ಸಿಯೋ ಏನೋ ನೋಡಿಕೊಳ್ಳಿ. ಪದ್ಮಿನಿ ಟ್ಯಾಕ್ಸಿ ಅಲ್ಲಿ 2023ರ ಅಕ್ಟೋಬರದವರೆಗೂ ಓಡ್ತಿತ್ತು. ಬಾಗಿಲಿನ ಚೌಕಟ್ಟಿನ ಒಳಬದಿ, ಡಿಕ್ಕಿಯ ರಬ್ಬರ್ ಎಳೆದು ಅದರ ಅಡಿ, ಡ್ಯಾಶ್‌ಬೋರ್ಡಿನ ಹಿಂದೆ ಟಾರ್ಚ್ ಬಿಡಿ. ಹೊಸ ಪೇಂಟಿನ ಅಡಿಯಲ್ಲಿ ಕಪ್ಪು, ಟಾಪಿನ ಹತ್ತಿರ ಹಳದಿ ಕಂಡರೆ ಮತ್ತೆ ಕೇಳುದು ಬೇಡ. ಎಡ ಮಡ್‌ಗಾರ್ಡಿನಲ್ಲಿ ಮೀಟರ್ ಕೂರಿಸಿದ ತೂತು ಮುಚ್ಚಿದ ಗುರುತು, ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಬಿಗಿದ ಬೋಲ್ಟಿನ ತೂತುಗಳೂ ಇರ್ತವೆ. ಗಾಜಿನ ಬೀಡಿಂಗ್ ಮೇಲೆ, ವಯರಿನ ಮೇಲೆ ಪೇಂಟ್ ಹಾರಿದ್ದರೆ ಬಿಚ್ಚದೆಯೇ ಸ್ಪ್ರೇ ಹೊಡೆದಿದ್ದಾರೆ ಅಂತ ಅರ್ಥ. ಅಂಥ ಪೇಂಟಿನ ಅಡಿಯಲ್ಲಿ ಎಂತ ಉಂಟು ಅಂತ ಎರಡು ಮಳೆಗಾಲ ಕಳೆದ ಮೇಲೆ ಗೊತ್ತಾಗುದು.

ಇನ್ನೊಂದು. ಗಾಡಿ ಪೂರ್ತಿ ಉಂಟಾ ಅಂತ ಎಣಿಸಿ. ಬ್ರೇಕ್ ಕಿಟ್, ಪಾಯಿಂಟ್ (ಪ್ಲಗ್ಗಿಗೆ ಕಿಡಿ ಕೊಡಿಸುವ ಸ್ವಿಚ್ಚು), ಗ್ಯಾಸ್ಕೆಟ್, ಕ್ಲಚ್ ಪ್ಲೇಟ್ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಹುಡುಕಬಹುದು, ಅಲ್ಲಿ ಇಲ್ಲದ್ದು ಚೆನ್ನೈಯ ಪುದುಪೇಟೆಯಲ್ಲಿ. ಕಷ್ಟ ಇರುವುದು ಗ್ರಿಲ್, ಕ್ರೋಮ್ ಬಂಪರ್, ಟೈಲ್ ಲ್ಯಾಂಪಿನ ಗಾಜು, ಮುಂದಿನ ಗಾಜು, ಡ್ಯಾಶ್‌ಬೋರ್ಡಿನ ಗುಂಡಿಗಳು. ಇವು ಮಾಸಿದ್ದರೂ ಅಡ್ಡಿ ಇಲ್ಲ, ಇರಬೇಕು.

ತುಮಕೂರು_ತಿರುಗಾಟ

ಇಬ್ರಿಗೂ ತುಂಬಾ ಥ್ಯಾಂಕ್ಸ್. ಮೈಸೂರಿನದನ್ನ ಆಯಸ್ಕಾಂತ ಹಿಡ್ಕೊಂಡೇ ನೋಡ್ದೆ. ಬಾಗಿಲು ನಾಲ್ಕೂ ಸರಿಯಾಗಿ ಕೂರ್ತವೆ. ಲೀಫ್ ಸ್ಪ್ರಿಂಗ್ ಹತ್ರ ಗಟ್ಟಿ. ಎಡಗಡೆ ಫ್ಲೋರಲ್ಲಿ ಅಂಗೈಯಷ್ಟು ತೂತು, ಸ್ಟೆಪ್ನಿ ಗುಂಡೀಲಿ ಎರಡು ಸಣ್ಣ ತೂತು. ಮೂರಕ್ಷರದ ನಂಬರೇ. ಚಾಸಿಸ್, ಎಂಜಿನ್ ನಂಬರ್ ಎರಡೂ ತಾಳೆ ಆಗ್ತವೆ. ಗ್ರಿಲ್, ಬಂಪರ್ ಎಲ್ಲಾ ಇದೆ. ಮುಂಬೈದರ ಡಿಕ್ಕಿ ರಬ್ಬರ್ ಅಡಿ ಫೋಟೋ ಕಳ್ಸಿ ಅಂದೆ, ಆಮೇಲೆ ಫೋನೇ ಎತ್ತಲಿಲ್ಲ.

ಮೈಸೂರು ಕಾರಿನ ಬ್ರೇಕ್ ಪೆಡಲ್ ನೆಲಕ್ಕೆ ಹೋಗುತ್ತೆ. ಎಂಜಿನ್ ತಿರುಗುತ್ತಾ ಇಲ್ವಾ ಗೊತ್ತಿಲ್ಲ. ಹೊಸ ಬ್ಯಾಟರಿ ಹಾಕಿ ಒಂದು ಸೆಲ್ಫ್ ಹೊಡೆದು ನೋಡೋಣ ಅಂತಾರೆ ಮಾಲೀಕರು.

ಹುಬ್ಳಿ_ಪಾನಾ

ಸೆಲ್ಫ್ ಹೊಡೀಬ್ಯಾಡ್ರಿ! ನಾಕು ವರ್ಷ ನಿಂತ ಎಂಜಿನ್‌ನ್ಯಾಗ ರಿಂಗ್ ಸಿಲಿಂಡರ್‌ಗೆ ಹತ್ಕೊಂಡಿರ್ತಾವ. ಒಣ ಎಂಜಿನ್ ಒಮ್ಮೆಲೆ ತಿರುಗಿಸಿದ್ರ ರಿಂಗ್ ಮುರೀಬಹುದು, ಸಿಲಿಂಡರ್ ಗೀರು ಬೀಳಬಹುದು. ಟ್ಯಾಂಕಿನ್ಯಾಗಿನ ಹಳೇ ಪೆಟ್ರೋಲ್ ಜಿಗಟ ಆಗಿರ್ತದ, ಅದನ್ನ ಎಳದು ಕಾರ್ಬುರೇಟರ್‌ಗೆ ತುಂಬಿದ್ರ ಅದೊಂದು ಕೆಲಸ ಹೆಚ್ಚು.

ಹಿಂಗ ಮಾಡ್ರಿ. ನಾಕೂ ಪ್ಲಗ್ ತಗೀರಿ. ಯಾವ ಪ್ಲಗ್ ಯಾವ ಸಿಲಿಂಡರಿಂದು ಅಂತ ಗುರುತ ಮಾಡಿ ಸಾಲಾಗಿ ಇಡ್ರಿ, ಅವು ಒಂದೊಂದ ಕಥಿ ಹೇಳ್ತಾವ. ಒಣಾ ಬೂದಿಬಣ್ಣ ಅಥವಾ ತಿಳಿ ಕಂದು ಛಲೋ. ಒದ್ದಿ ಕರಿ ಎಣ್ಣಿ ಇದ್ರ ರಿಂಗ್ ಇಲ್ಲಾ ವಾಲ್ವ್ ಗೈಡ್ ಹೋಗ್ಯಾವ. ಒಣಾ ಕರಿ ಮಸಿ ಅಂದ್ರ ಪೆಟ್ರೋಲ್ ಹೆಚ್ಚಾಗೇತಿ ಅಂತ. ಒಂದೊಂದು ತೂತಿಗೆ ಎರಡು ಚಮಚ ಎಂಜಿನ್ ಆಯಿಲ್ ಮತ್ತ ಡೀಸೆಲ್ ಸಮ ಕೂಡಿಸಿ ಹಾಕ್ರಿ, ಒಂದು ರಾತ್ರಿ ಬಿಡ್ರಿ. ಮರುದಿನ ಪ್ಲಗ್ ಹೊರಗಿದ್ದಾಂಗ ಗಾಡಿ ಟಾಪ್ ಗೇರಿಗೆ ಹಾಕಿ, ಹಿಂದ ಮುಂದ ಸಾವಕಾಶ ಅಲುಗಾಡಿಸ್ರಿ. ಫ್ಯಾನ್ ಬೆಲ್ಟ್ ತಿರುಗಿದ್ರ ಎಂಜಿನ್ ಜಾಮ್ ಆಗಿಲ್ಲ. ತಿರುಗಲಿಲ್ಲಾ, ಇನ್ನೆರಡು ದಿನ ಎಣ್ಣಿ ಹಾಕ್ಕೋತ ಇರ್ರಿ. ಜೋರು ಮಾಡಬ್ಯಾಡ್ರಿ.

ತಿರುಗಿತಂದ್ರ ಕಂಪ್ರೆಶನ್ ಗೇಜ್ (ಸಿಲಿಂಡರಿನ ಒತ್ತಡ ಅಳಿಯೋ ಮೀಟರ್) ಇರೋ ಮೆಕ್ಯಾನಿಕ್‌ನ್ನ ಕರ್ಕೊಂಡು ಹೋಗ್ರಿ. ಆಕ್ಸಿಲೇಟರ್ ಪೂರ್ತಿ ಒತ್ತಿ ಹಿಡಿದು, ಒಂದೊಂದು ಸಿಲಿಂಡರಿಗೆ ಐದಾರು ಸುತ್ತು. ನಾಕೂ 120 ಪಿಎಸ್‌ಐ ಮ್ಯಾಲ ಇದ್ದು ಒಂದಕ್ಕೊಂದು 10-15 ಶೇಕಡಾದೊಳಗ ಇದ್ರ ಕಣ್ಣ ಮುಚ್ಚಿ ತಗೋರಿ. ಒಂದು 80 ಬಂತು ಅನ್ನೋಣ. ಆ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತ ನೋಡ್ರಿ. ಏರಿದ್ರ ರಿಂಗ್, ಏರಲಿಲ್ಲಾ ಅಂದ್ರ ವಾಲ್ವ್. ಪಕ್ಕಪಕ್ಕದ ಎರಡು ಸಿಲಿಂಡರ್ ಕೂಡೇ ಬಿದ್ದಿದ್ರ ಹೆಡ್ ಗ್ಯಾಸ್ಕೆಟ್ ನಡುವ ಸುಟ್ಟಿರ್ತದ. ಆಯಿಲ್ ಹಾಕೋ ಮುಚ್ಚಳದ ಒಳಗ ಬೆಣ್ಣಿಯಂಥಾದ್ದು ಹತ್ತಿದ್ರ ನೀರು ಎಣ್ಣಿ ಕೂಡ್ಯಾವ ಅಂತ. ಈ ಎಂಜಿನ್ 1089 ಸಿಸಿ, ನಾಕ ಸಿಲಿಂಡರ್, ಪುಶ್‌ರಾಡಿಂದು. ಹೆಡ್ ಇಳಿಸೋದು ದೊಡ್ಡ ವಿದ್ಯಾ ಏನಲ್ಲ.

ಗಾಡಿ ಮನಿಗೆ ಬಂದ ಮ್ಯಾಲ ಮೊದಲ ಸ್ಟಾರ್ಟ್. ಹಳೇ ಆಯಿಲ್ ಇಳಿಸಿ, ಫಿಲ್ಟರ್ ಬದಲಿ ಮಾಡಿ, 20ಡಬ್ಲ್ಯು-50 ಮಿನರಲ್ ಆಯಿಲ್ ಹಾಕ್ರಿ. ತುಟ್ಟಿ ಸಿಂಥೆಟಿಕ್ ಬ್ಯಾಡ, ಹಳೇ ಸೀಲಿನ ಸಂದಿಯಾಗ ಸೋರ್ತದ. ಹೆಡ್ ಮ್ಯಾಲಿನ ಕವರ್ ತಗದು ರಾಕರ್ ಮ್ಯಾಲ ಅರ್ಧ ಕಪ್ ಆಯಿಲ್ ಸುರೀರಿ. ಪ್ಲಗ್ ಹೊರಗಿಟ್ಟು, ಕಾಯಿಲ್ ವಯರ್ ತಗದು, ಹತ್ತ ಹತ್ತ ಸೆಕೆಂಡ್ ಸೆಲ್ಫ್ ಹೊಡೀರಿ. ಆಯಿಲ್ ದೀಪ ಆರೂವರೆಗೂ ಪ್ಲಗ್ ಹಾಕಬ್ಯಾಡ್ರಿ.

ಪೆಟ್ರೋಲ್ ಟ್ಯಾಂಕಿಂದ ಕೊಡಬ್ಯಾಡ್ರಿ. ಎರಡು ಲೀಟರ್ ಹೊಸಾದು ಬ್ಯಾರೆ ಡಬ್ಬಿಯಾಗ ಇಟ್ಟು ಪಂಪಿಗೆ ಹೊಸಾ ಪೈಪ್ ಹಾಕ್ರಿ. ಸೊಲೆಕ್ಸ್ ಕಾರ್ಬುರೇಟರ್ ಮ್ಯಾಲಿನ ಮುಚ್ಚಳ ತಗದು ಜೆಟ್ ಬಿಚ್ಚಿ ಕ್ಲೀನರ್ ಹೊಡದು ಗಾಳಿ ಬಿಡ್ರಿ. ಜೆಟ್ ತೂತಿನ್ಯಾಗ ತಂತಿ, ಪಿನ್ ಆಡಿಸಬ್ಯಾಡ್ರಿ. ತೂತು ಕೂದಲೆಳಿಯಷ್ಟು ದೊಡ್ಡದಾದ್ರೂ ಮೈಲೇಜ್ ಹೋತು. ಪಾಯಿಂಟ್ ಮ್ಯಾಲ ಬೂಷ್ಟ ಬಂದಿರ್ತದ, ನುಣುಪು ಎಮರಿ ಹಾಳಿ ಎರಡ ಸಲ ಎಳದು, ಪೆಟ್ರೋಲ್ ಹಚ್ಚಿದ ಬಟ್ಟಿಲೆ ಒರಸ್ರಿ. ಗ್ಯಾಪ್ 0.45 ಎಂಎಂ, ಪ್ಲಗ್ ಗ್ಯಾಪ್ 0.6. ಫೀಲರ್ ಗೇಜ್ ಇಲ್ಲದ ಅಂದಾಜಿನ್ಯಾಗ ಇಡೋದು ಬ್ಯಾಡ. ಪ್ಲಗ್ ವಯರ್ ತಗದಿದ್ರ ಫೈರಿಂಗ್ ಆರ್ಡರ್ 1-3-4-2, ನೆನಪಿಡ್ರಿ.

ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಹತ್ಕೊಂಡಿರಬಹುದು. ಕ್ಲಚ್ ಒತ್ತಿದ್ರೂ ಗೇರ್ ಬೀಳದ ಕರ್ ಅಂತಿದ್ರ ಅದಾ. ಪೆಡಲ್ ಒತ್ತಿ ಸೀಟಿಗೆ ಕಟ್ಟಿಗಿ ಕೊಟ್ಟು ರಾತ್ರಿ ಬಿಡ್ರಿ. ಹೆಚ್ಚಿನ ಸಲ ಅಷ್ಟರಾಗ ಬಿಡ್ತದ.

1089ಸಿಸಿ

ಎಂಜಿನ್ ಸ್ಟಾರ್ಟ್ ಆದ ಖುಷೀಲಿ ಗೇಟ್ ದಾಟಬೇಡಿ. ಮೊದಲು ಬ್ರೇಕ್. ನಾಲ್ಕೂ ಡ್ರಮ್, ಹಳೇ ಗಾಡಿಗಳಲ್ಲಿ ಒಂದೇ ಸರ್ಕ್ಯೂಟ್. ಒಂದು ಹೋಸ್ ಒಡೆದ್ರೂ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತೆ. ಪೆಡಲ್ ನೆಲಕ್ಕೆ ಹೋಗ್ತಿದೆ ಅಂದ್ರೆ ಅರ್ಧಂಬರ್ಧ ಕೆಲಸ ಮಾಡಿಸಲೇಬೇಡಿ. ಮಾಸ್ಟರ್ ಸಿಲಿಂಡರ್ ಕಿಟ್, ನಾಲ್ಕೂ ಚಕ್ರದ ವೀಲ್ ಸಿಲಿಂಡರ್ ಕಿಟ್, ಮೂರು ರಬ್ಬರ್ ಹೋಸ್ (ಮುಂದೆ ಎರಡು, ಹಿಂದೆ ಒಂದು), ಅರ್ಧ ಲೀಟರಿನ ಎರಡು ಡಬ್ಬಿ ಡಾಟ್ 3 ಫ್ಲೂಯಿಡ್, ಎಲ್ಲಾ ಒಟ್ಟಿಗೆ. ಸಿಲಿಂಡರ್ ಒಳಗೆ ಉಗುರಿಗೆ ತಗಲೋ ಗುಳಿ ಇದ್ರೆ ಕಿಟ್ ಹಾಕಿ ಪ್ರಯೋಜನ ಇಲ್ಲ, ವಾಷರ್ ತಿಂಗಳೊಳಗೆ ಹರಿಯುತ್ತೆ. ಸಿಲಿಂಡರೇ ಬದಲಾಯಿಸಿ. ಬ್ರೇಕ್ ಪೈಪಿಂದ ಗಾಳಿ ತೆಗೆಯೋದು ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ, ಈ ಕ್ರಮದಲ್ಲಿ. ಕೆಲಸ ಆದ್ಮೇಲೆ ಪೆಡಲ್ ಒತ್ತಿ ಒಂದು ನಿಮಿಷ ಹಿಡೀರಿ. ಮೆಲ್ಲಗೆ ಇಳೀತಾ ಹೋದ್ರೆ ಮಾಸ್ಟರ್ ಸಿಲಿಂಡರ್ ಒಳಗೇ ಬಿಡ್ತಿದೆ. ಸ್ಪಂಜ್ ತರ ಇದ್ರೆ ಗಾಳಿ ಉಳಿದಿದೆ. ಓಡಿಸುವಾಗ ಒಂದು ಕಡೆ ಎಳೆದ್ರೆ ಯಾವುದೋ ಡ್ರಮ್ಮಲ್ಲಿ ಲೈನರ್‌ಗೆ ಎಣ್ಣೆ ತಗಲಿದೆ.

ಟೈರಿನ ಟ್ರೆಡ್ ಚೆನ್ನಾಗಿ ಕಂಡ್ರೂ ನಂಬಬೇಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2316 ಅಂದ್ರೆ 2016ರ 23ನೇ ವಾರ. ಆರು ವರ್ಷ ದಾಟಿದ್ದು, ಅದರಲ್ಲೂ ಒಂದೇ ಕಡೆ ನಿಂತು ಚಪ್ಪಟೆಯಾಗಿದ್ದು, ಐದೂ ಬದಲಾಯಿಸಿ. ಮೂಲ ಅಳತೆ 5.20-14. ಗ್ರೀಸ್ ನಿಪ್ಪಲ್‌ಗಳನ್ನ ಹುಡುಕಿ ಒರೆಸಿ, ಹೊಸ ಗ್ರೀಸ್ ಹೊರಗೆ ಬರೋವರೆಗೂ ಗನ್ ಹೊಡೀರಿ, ಆಮೇಲೆ 1,500 ಕಿಲೋಮೀಟರಿಗೊಂದು ಸಲ. ಕಿಂಗ್ ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ತಿರುಗೋ ಗೂಟ) ಸವೆದಿದ್ಯಾ ಅಂತ ನೋಡೋಕೆ ಮುಂದಿನ ಚಕ್ರ ಜಾಕಲ್ಲಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಮೇಲೂ ಕೆಳಗೂ ಹಿಡಿದು ಅಲುಗಾಡಿಸಿ. ಅಲುಗಾಡ್ತಿದ್ರೆ ಬೇರೆಯವರು ಬ್ರೇಕ್ ಒತ್ತಿ ಹಿಡೀಲಿ. ಆಗ ನಿಂತ್ರೆ ಅದು ವೀಲ್ ಬೇರಿಂಗ್, ಆಗಲೂ ಅಲುಗಾಡಿದ್ರೆ ಕಿಂಗ್ ಪಿನ್. ಬರೀ ಜಾಕ್ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ.

ಹುಬ್ಳಿಯವರು ಆಯಿಲ್ ವಿಷಯ ಹೇಳಿದ್ದು ಸರಿ. ಅದಕ್ಕೆ ಒಂದು ಸೇರಿಸ್ತೀನಿ. ಗೇರ್‌ಬಾಕ್ಸ್‌ಗೆ ಜಿಎಲ್-4 ದರ್ಜೆಯ ಆಯಿಲ್ ಕೇಳಿ ತಗೊಳ್ಳಿ. ಅಂಗಡೀಲಿ ಸುಲಭಕ್ಕೆ ಸಿಗೋ ಜಿಎಲ್-5 ಹಳೇ ಗೇರ್‌ಬಾಕ್ಸಿನ ಹಿತ್ತಾಳೆ ಸಿಂಕ್ರೊ ರಿಂಗ್‌ಗೆ ಒಳ್ಳೇದಲ್ಲ. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿ ಅಂತ ಹೇಳೋರು ಸಿಗ್ತಾರೆ. ಹಾಕಬಹುದು, ಆದ್ರೆ ಮೊದಲ ವರ್ಷ ಬೇಡ. ಪಾಯಿಂಟ್ ಕೆಟ್ರೆ ರಸ್ತೆ ಬದೀಲಿ ಎಮರಿ ಹಾಳೆಯಲ್ಲಿ ಮನೆಗೆ ಬರಬಹುದು, ಮಾಡ್ಯೂಲ್ ಕೆಟ್ರೆ ಟೋಯಿಂಗೇ ಗತಿ.

ಈಗಿನ ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲು ಹಳೇ ರಬ್ಬರ್ ಮೆತ್ತಗೆ ಮಾಡುತ್ತೆ, ಗಾಳಿಯ ತೇವ ಹೀರಿ ಟ್ಯಾಂಕ್ ತಳದಲ್ಲಿ ನೀರು ಕೂರಿಸುತ್ತೆ. ಟ್ಯಾಂಕ್ ಇಳಿಸಿ ತೊಳೆಸಿದಾಗಲೇ ಎಲ್ಲಾ ಪೆಟ್ರೋಲ್ ಪೈಪುಗಳನ್ನ 'ಎಸ್‌ಎಇ ಜೆ30 ಆರ್9' ಅಂತ ಅಚ್ಚಿರೋದಕ್ಕೆ ಬದಲಾಯಿಸಿ, ಪಂಪಿನ ಡಯಾಫ್ರಮ್ ಎಥನಾಲ್ ತಡೆಯೋದು ಹಾಕಿಸಿ. ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಟ್ಯಾಂಕಿಂದ ಪಂಪಿಗೆ ಬರೋ ಪೈಪ್ ಕಿತ್ತು, ಕಾರ್ಬುರೇಟರ್ ಒಣಗೋವರೆಗೂ ಓಡಿಸಿ ಆಫ್ ಮಾಡಿ. ಸೀಟ್ ಕೆಳಗೆ 2 ಕೆಜಿಯ ಎಬಿಸಿ ಪೌಡರ್ ಫೈರ್ ಎಕ್ಸ್‌ಟಿಂಗ್ವಿಷರ್, ಬ್ಯಾಟರಿಗೆ ಕಟ್ ಆಫ್ ಸ್ವಿಚ್, ಇವೆರಡು ಅಲಂಕಾರ ಅಲ್ಲ.

ತುಮಕೂರು_ತಿರುಗಾಟ

ಪ್ಲಗ್ ತೆಗೆಸಿ ನೋಡಿದ್ವಿ, ಎಂಜಿನ್ ತಿರುಗ್ತು. ಕಂಪ್ರೆಶನ್ 130, 125, 130, 110. 85 ಸಾವಿರಕ್ಕೆ ಒಪ್ಪಿದಾರೆ, ಆರ್‌ಸಿ ಅವರೇ ಮಾಡಿಸ್ಕೊಡ್ತಾರೆ. ಇನ್ಶೂರೆನ್ಸ್ ಏಜೆಂಟ್ ಒಬ್ರು "ವಿಂಟೇಜ್ ಪಾಲಿಸಿ ಮಾಡಿ, ರಿಯಾಯಿತಿ ಇದೆ" ಅಂದ್ರು. ಎಮಿಶನ್ ಟೆಸ್ಟ್ ಪಾಸಾಗುತ್ತಾ?

ಬಿ_ಎಕ್ಸ್‌ಟ್ರಾಕ್ಟ್

1986ರ ಗಾಡಿಗೆ ಆ ರಿಯಾಯಿತಿ ಬರಲ್ಲ ಸಾರ್. ಓನ್ ಡ್ಯಾಮೇಜ್ (ನಮ್ಮ ಗಾಡಿಗೇ ಆಗೋ ಹಾನಿಯ) ಪ್ರೀಮಿಯಂನಲ್ಲಿ ಶೇ. 25 ಕಡಿತ ಇರೋದು 1940ರ ಡಿಸೆಂಬರ್ 31ರ ಮುಂಚೆ ತಯಾರಾಗಿ, ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾ ಪ್ರಮಾಣಪತ್ರ ಇರೋ ಕಾರಿಗೆ. 2022ರ ಅಧಿಸೂಚನೆಯ ಥರ್ಡ್ ಪಾರ್ಟಿ ಅರ್ಧ ದರ ವಿಂಟೇಜ್ ಅಂತ ನೋಂದಣಿ ಆದದ್ದಕ್ಕೆ. ನಿಮ್ಮದು 1000ದಿಂದ 1500 ಸಿಸಿ ವರ್ಗ, ಆ ಅಧಿಸೂಚನೆಯಲ್ಲಿ ವರ್ಷಕ್ಕೆ 3,416 ಮತ್ತು ತೆರಿಗೆ. ಮೊದಲ ವರ್ಷ ಥರ್ಡ್ ಪಾರ್ಟಿ ಸಾಕು. ಕೆಲಸ ಮುಗಿದ ಮೇಲೆ ಬಿಲ್, ಫೋಟೋ ತೋರಿಸಿ ಬೆಲೆ ಮಾತಾಡಿ ಪೂರ್ತಿ ಪಾಲಿಸಿ ಮಾಡಿಸಿ. ಮೈಸೂರಿಂದ ತುಮಕೂರಿಗೆ ಫ್ಲಾಟ್‌ಬೆಡ್ಡಲ್ಲೇ ತನ್ನಿ. ಇನ್ಶೂರೆನ್ಸ್ ಇಲ್ಲ, ಬ್ರೇಕೂ ಇಲ್ಲ.

ಎಮಿಶನ್‌ಗೆ ನಿಮ್ಮ ಗಾಡಿಯ ಮಿತಿ ಇಂಗಾಲದ ಮಾನಾಕ್ಸೈಡ್ ಶೇ. 3, ಹೈಡ್ರೋಕಾರ್ಬನ್ 1,500 ಪಿಪಿಎಂ. ಟೆಸ್ಟರ್ ಹೊಸ ಕಾರಿನ ಮಿತಿ ಆರಿಸಿಬಿಟ್ರೆ ಫೇಲ್ ಬರುತ್ತೆ, ತಯಾರಾದ ವರ್ಷ ಸರಿಯಾಗಿ ಹಾಕಿದಾರಾ ಪರದೆ ನೋಡಿ.

ಹುಬ್ಳಿ_ಪಾನಾ

110 ಬಂದದ್ದು ನಾಕನೇದ್ದು ಅಲ್ರೀ? ಚಿಂತಿ ಮಾಡಬ್ಯಾಡ್ರಿ, ಐದ್ನೂರು ಕಿಲೋಮೀಟರ್ ಓಡಿಸಿ ರಿಂಗ್ ಸಡ್ಲ ಆದ ಮ್ಯಾಲ ಮತ್ತ ನೋಡ್ರಿ, ಏರಿರ್ತದ. ಏರಲಿಲ್ಲಾಂದ್ರ ಟ್ಯಾಪೆಟ್ (ವಾಲ್ವ್ ಮ್ಯಾಲಿನ ಸಂದು) ಬಿಗಿ ಐತೇನೋ ನೋಡಿ ಆಮ್ಯಾಲ ಹೆಡ್ ಮುಟ್ರಿ.

ಎಮಿಶನ್‌ಗೆ ಹೋಗೋ ದಿನ ಏರ್ ಫಿಲ್ಟರ್ ಹೊಸಾದಿರಲಿ, ಎಂಜಿನ್ ಹದಿನೈದು ನಿಮಿಷ ಓಡಿ ಬಿಸಿ ಆಗಿರಲಿ, ಚೋಕ್ ಪೂರ್ತಿ ಒಳಗ ಹೋಗೇತೇನು ನೋಡ್ಕೋರಿ. ಕಾರ್ಬುರೇಟರ್ ಬುಡದ ಮಿಕ್ಸ್ಚರ್ ಸ್ಕ್ರೂ ಸಾವಕಾಶ ಒಳಗ ತಿರುಗಿಸ್ಕೋತ ಹೋಗ್ರಿ. ಎಂಜಿನ್ ತಡವರಿಸಾಕ ಹತ್ತಿದ ಜಾಗಾದಿಂದ ಕಾಲು ಸುತ್ತು ಹೊರಗ ತಂದು ಬಿಡ್ರಿ.

ಟೆಸ್ಟ್ ಮುಗಿಸಿ ಚಾ ಕುಡದು ಬಂದ್ರ ಗಾಡಿ ಸ್ಟಾರ್ಟ್ ಆಗೂದಿಲ್ಲ, ಎಲ್ಲಾ ಹೊಸಬರಿಗೂ ಆಗೋದ ಇದು. ಬಿಸಿಗೆ ಕಾರ್ಬುರೇಟರಿನ್ಯಾಗಿನ ಪೆಟ್ರೋಲ್ ಕುದ್ದು ಒಳಗ ತುಂಬಿರ್ತದ. ಚೋಕ್ ಎಳೀಬ್ಯಾಡ್ರಿ, ಆಕ್ಸಿಲೇಟರ್ ಪಟಪಟ ಒದೀಬ್ಯಾಡ್ರಿ. ಒಮ್ಮೆ ಸಾವಕಾಶ ಪೂರ್ತಿ ಒತ್ತಿ ಹಾಂಗ ಹಿಡಕೊಂಡು ಸೆಲ್ಫ್ ಹೊಡೀರಿ, ಐದಾರು ಸುತ್ತಿಗೆ ಹಿಡೀತದ. ಆಗಲೂ ಆಗಲಿಲ್ಲಾ ಅಂದ್ರ ಪೆಟ್ರೋಲ್ ಪಂಪಿನ ಮ್ಯಾಲ ಒದ್ದಿ ಬಟ್ಟಿ ಹಾಕಿ ಹತ್ತು ನಿಮಿಷ ಕುಂದರ್ರಿ.